ಕೋಳಿ ಅವರದ್ದು, ತಂಡ ಯಾರದ್ದು?

ಬೆಳಗಿನ ಪೇಪರಿನಲ್ಲಿ ಅಡಿಕೆ, ಕೊಬ್ಬರಿ ಧಾರಣೆಯ ಆಸುಪಾಸಿನಲ್ಲಿ ಮೊಟ್ಟೆ ದರ ಅಂತ ಒಂದು ಸಣ್ಣ ಚೌಕ ಇರುತ್ತಲ್ಲ, ಅದನ್ನು ನೋಡಿದಾಗೆಲ್ಲಾ ನನಗೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡ ನೆನಪಾಗುತ್ತದೆ. ನಗಬೇಡಿ, ಸಂಬಂಧ ಇದೆ. ಆ ದರ ಹೇಳುವ ಎನ್‌ಇಸಿಸಿ ಅನ್ನುವ ಸಂಸ್ಥೆಯನ್ನು 1982ರಲ್ಲಿ ಕಟ್ಟಿದವರು ಬಿ.ವಿ. ರಾವ್. ಪುಣೆಯ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದವರೂ ಅವರೇ. ನಮಗೆಲ್ಲಾ ಗೊತ್ತಿರುವ ವೆಂಕೀಸ್ ಚಿಕನ್ ಅವರ ಮನೆಯದ್ದು. ಅವರ ಮಕ್ಕಳು 2010ರ ನವೆಂಬರಿನಲ್ಲಿ ಹೋಗಿ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನುವ ತಂಡವನ್ನು ಕೊಂಡುಬಿಟ್ಟರು. 2.3 ಕೋಟಿ ಪೌಂಡು, ಜೊತೆಗೆ ತಂಡದ ಮೇಲಿದ್ದ ಸಾಲವೂ ಇವರ ತಲೆಗೆ.

ನನ್ನ ಹೊಟ್ಟೆಯುರಿ ಅಲ್ಲಿಂದ ಶುರು.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ಸುದ್ದಿ ಬಂದ ದಿನ ನಾನು ಖುಷಿಯಿಂದ ಕುಣಿದಿದ್ದೆ. ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲಾ ಹೇಳಿದ್ದೆ. "ನೋಡ್ರೋ, ಈಸ್ಟ್ ಇಂಡಿಯಾ ಕಂಪನಿಗೆ ನಮ್ಮ ಕೋಳಿ ಕಂಪನಿ ಲೆಕ್ಕ ಚುಕ್ತಾ ಮಾಡ್ತು" ಅಂತ ಜೋಕು ಬೇರೆ ಹೊಡೆದಿದ್ದೆ. ಯಾಕೆಂದರೆ ಬ್ಲ್ಯಾಕ್‌ಬರ್ನ್ ನನ್ನ ತಂಡ. ಮ್ಯಾಂಚೆಸ್ಟರ್ ಯುನೈಟೆಡ್ಡು, ಲಿವರ್‌ಪೂಲು ಅಂತ ಎಲ್ಲರೂ ಬಡಿದಾಡುವಾಗ ನಾನೊಬ್ಬ ಈ ತಂಡ ಹಿಡಿದುಕೊಂಡು ಕೂತಿದ್ದವನು.

ಹಿಡಿದಿದ್ದು 1995ರಲ್ಲಿ. ಲ್ಯಾಂಕಾಶೈರಿನ ಒಂದು ಹಳೇ ಗಿರಣಿ ಊರು. 1875ರಲ್ಲಿ ಹುಟ್ಟಿದ ಕ್ಲಬ್ಬು, 1888ರಲ್ಲಿ ಫುಟ್‌ಬಾಲ್ ಲೀಗ್ ಶುರು ಮಾಡಿದ ಹನ್ನೆರಡು ತಂಡಗಳಲ್ಲಿ ಒಂದು. ಆಮೇಲೆ ಎಷ್ಟೋ ವರ್ಷ ಎರಡನೇ, ಮೂರನೇ ದರ್ಜೆಯಲ್ಲಿ ಒದ್ದಾಡಿತು. ಅದೇ ಊರಿನ ಜ್ಯಾಕ್ ವಾಕರ್ ಅನ್ನುವವರು ಉಕ್ಕಿನ ವ್ಯಾಪಾರದಲ್ಲಿ ಸಿಕ್ಕಾಪಟ್ಟೆ ದುಡ್ಡು ಮಾಡಿದ್ದರು. ಚಿಕ್ಕಂದಿನಿಂದ ತಾನು ಬೆಂಬಲಿಸಿದ ತಂಡಕ್ಕೆ ಆ ದುಡ್ಡು ಸುರಿದರು. ಕೆನ್ನಿ ಡಾಲ್‌ಗ್ಲೀಶ್ ಮ್ಯಾನೇಜರಾಗಿ ಬಂದರು, ಅಲನ್ ಶಿಯರರ್ ಬಂದ. 1994-95ರ ಸೀಸನ್ನಿನಲ್ಲಿ ಶಿಯರರ್ ಲೀಗಿನಲ್ಲಿ ಹೊಡೆದ ಗೋಲು 34. ಕೊನೆಯ ದಿನ ಬ್ಲ್ಯಾಕ್‌ಬರ್ನ್ ಲಿವರ್‌ಪೂಲ್ ಎದುರು 2-1ರಲ್ಲಿ ಸೋತಿತು. ಅತ್ತ ಯುನೈಟೆಡ್ಡಿನವರು ವೆಸ್ಟ್ ಹ್ಯಾಮ್ ಎದುರು ಡ್ರಾ ಮಾಡಿಕೊಂಡರು. ಒಂದೇ ಒಂದು ಪಾಯಿಂಟಿನಲ್ಲಿ ನಮ್ಮವರು ಚಾಂಪಿಯನ್! ಸೋತ ದಿನವೇ ಗೆದ್ದ ತಂಡ. ಪೇಪರಿನ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಓದಿದ ಹುಡುಗನಿಗೆ ಇಷ್ಟು ಸಾಕಾಗಿತ್ತು ಮರುಳಾಗಲಿಕ್ಕೆ.

ವಾಕರ್ 2000ದಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷವೇ ತಂಡ ಕೆಳಗಿನ ದರ್ಜೆಗೆ ಬಿದ್ದಿತ್ತು. 2001ರಲ್ಲಿ ಎದ್ದು ಬಂತು, 2002ರಲ್ಲಿ ಲೀಗ್ ಕಪ್ ಗೆದ್ದಿತು, ಆಮೇಲೆ ಹನ್ನೊಂದು ಸೀಸನ್ ಪ್ರೀಮಿಯರ್ ಲೀಗಿನಲ್ಲೇ ಇತ್ತು. ದೊಡ್ಡ ಹೆಸರಿಲ್ಲ, ದೊಡ್ಡ ದುಡ್ಡಿಲ್ಲ, ಆದರೆ ಮರ್ಯಾದೆಯ ಬದುಕು. ವಾಕರ್ ಟ್ರಸ್ಟಿನವರು ಮಾರಿದ್ದು, ನಮ್ಮ ಪುಣೆಯವರು ಕೊಂಡಿದ್ದು ಅಂಥಾ ತಂಡವನ್ನು.

ಮುಂದೆ ನಡೆದದ್ದನ್ನು ಹೇಳುವುದಕ್ಕೇ ಬೇಜಾರು. ಕೊಂಡು ಒಂದು ತಿಂಗಳು ಕಳೆಯುವ ಮೊದಲೇ, 2010ರ ಡಿಸೆಂಬರ್ 13ಕ್ಕೆ, ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ಮನೆಗೆ ಕಳಿಸಿದರು. ತಂಡ ಆಗ 13ನೇ ಸ್ಥಾನದಲ್ಲಿತ್ತು. ಆ ಜಾಗಕ್ಕೆ ಅದುವರೆಗೆ ಎಲ್ಲೂ ಮುಖ್ಯ ಮ್ಯಾನೇಜರಾಗಿ ಹೊಣೆ ಹೊತ್ತಿರದ ಕೋಚ್ ಸ್ಟೀವ್ ಕೀನ್. ರೊನಾಲ್ಡಿನ್ಯೋ ಬರ್ತಾನೆ, ಬೆಕ್ಹಮ್ ಬರ್ತಾನೆ ಅಂತ ಸುದ್ದಿಯೋ ಸುದ್ದಿ. ಯಾರೂ ಬರಲಿಲ್ಲ. ವರ್ಷಗಟ್ಟಲೆ ಕ್ಲಬ್ ನೋಡಿಕೊಂಡಿದ್ದ ಚೇರ್ಮನ್ ಜಾನ್ ವಿಲಿಯಮ್ಸ್ 2011ರ ಫೆಬ್ರವರಿಯಲ್ಲಿ ಹೊರಟುಹೋದರು. ಡ್ರೆಸಿಂಗ್ ರೂಮಿನಲ್ಲಿ ಕೂತು ಆಟಗಾರರು ಕೋಳಿ ಕಾಲು ತಿನ್ನುವ ಜಾಹೀರಾತು ಬಂತು. ಅದನ್ನು ನೋಡಿ ನಾನೂ ನಕ್ಕಿದ್ದೆ, ನಕ್ಕಿದ್ದು ತಪ್ಪಾಯಿತು.

2012ರ ಮೇ 7. ತವರಿನ ಮೈದಾನದಲ್ಲಿ ವಿಗನ್ ಎದುರು 1-0ಯಿಂದ ಸೋತು ತಂಡ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಆ ಪಂದ್ಯದ ನಡುವೆ ಯಾರೋ ಅಭಿಮಾನಿಗಳು ತಂಡದ ಬಾವುಟ ಹೊದಿಸಿದ ಒಂದು ಜೀವಂತ ಕೋಳಿಯನ್ನು ಮೈದಾನಕ್ಕೆ ಬಿಟ್ಟರು. ಜಗತ್ತೆಲ್ಲಾ ನಕ್ಕಿತು. ಪಾಪದ ಕೋಳಿ, ಅದಕ್ಕೇನು ಗೊತ್ತು. ನನಗೆ ಮಾತ್ರ ಆ ದಿನ ನಗು ಬರಲಿಲ್ಲ. "ನಮ್ಮವರು" ಅಂತ ಊರೆಲ್ಲಾ ಹೇಳಿಕೊಂಡು ಬಂದವನು ನಾನು ತಾನೇ?

ಆ ಮುಂದಿನ ಚಳಿಗಾಲದಲ್ಲಿ ಕಂಪನಿ ಕೆಲಸಕ್ಕೆ ಮ್ಯಾಂಚೆಸ್ಟರಿಗೆ ಹೋಗುವುದಾಯಿತು. ಒಂದು ಶನಿವಾರ ರೈಲು ಹತ್ತಿ ಬ್ಲ್ಯಾಕ್‌ಬರ್ನಿಗೆ ಹೋದೆ. ಈವುಡ್ ಪಾರ್ಕಿನ ಹೊರಗೆ ಜ್ಯಾಕ್ ವಾಕರ್ ಪ್ರತಿಮೆ ಇದೆ, ಅದಕ್ಕೊಂದು ನಮಸ್ಕಾರ ಹಾಕಿ ಒಳಗೆ ಹೋಗಿ ಕೂತೆ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ನನ್ನನ್ನು ಒಮ್ಮೆ ನೋಡಿದರು.

"ಇಂಡಿಯಾದವನಾ?"

ಹೌದು ಅಂದೆ. ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಬೈಸಿಕೊಳ್ಳಲಿಕ್ಕೆ ತಯಾರಾಗಿಯೇ ಕೂತೆ. ಅಜ್ಜ ಬೈಯಲಿಲ್ಲ. ಇನ್ನೊಂದು ಲೋಟಕ್ಕೆ ಚಹಾ ಹಾಕಿ ನನ್ನ ಕೈಗೆ ಕೊಟ್ಟರು.

"ನಿನ್ನ ಮೇಲೇನೂ ಸಿಟ್ಟಿಲ್ಲ ತಮ್ಮಾ. ಅವರ ದೇಶದ ಮೇಲೂ ಇಲ್ಲ. ನನ್ನ ಬೀದಿಯಲ್ಲಿ ಅರ್ಧ ಮನೆ ಗುಜರಾತಿಗಳದ್ದೇ. ಆದರೆ ನಲವತ್ತೈದು ವರ್ಷದಿಂದ ಇದೇ ಕಡೆ ಕೂರ್ತಾ ಇದ್ದೇನೆ, ಯಾಕೆ ಹೀಗೆ ಮಾಡಿದಿರಿ ಅಂತ ಕೇಳಲಿಕ್ಕೆ ನನಗೆ ಯಾರೂ ಸಿಗ್ತಾ ಇಲ್ಲ. ಅದೊಂದೇ."

ಆ "ಅದೊಂದೇ" ಅನ್ನುವ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದೇ ಸೀಸನ್ನಿನಲ್ಲಿ ಕೀನ್ ರಾಜೀನಾಮೆ ಕೊಟ್ಟಿದ್ದರು. 1995ರ ತಂಡದಲ್ಲಿ ಆಡಿದ್ದ ಹೆನ್ನಿಂಗ್ ಬರ್ಗ್ ಬಂದು 57 ದಿನಕ್ಕೆ ಹೋದರು. ಮೈಕಲ್ ಆಪಲ್ಟನ್ ಬಂದು 67 ದಿನಕ್ಕೆ ಹೋದರು. ನಮ್ಮಲ್ಲಿ ಬಾಡಿಗೆ ಮನೆ ಖಾಲಿ ಮಾಡಿಸಲಿಕ್ಕೂ ಇದಕ್ಕಿಂತ ಹೆಚ್ಚು ಟೈಮ್ ಕೊಡುತ್ತಾರೆ.

ಮುಂದಿನದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2017ರಲ್ಲಿ ತಂಡ ಮೂರನೇ ದರ್ಜೆಗೆ ಬಿತ್ತು, ಅದೂ ಕೊನೆಯ ಪಂದ್ಯ 3-1ರಲ್ಲಿ ಗೆದ್ದೂ, ಬರೀ ಗೋಲು ವ್ಯತ್ಯಾಸದಲ್ಲಿ. ಪ್ರೀಮಿಯರ್ ಲೀಗ್ ಗೆದ್ದ ತಂಡವೊಂದು ಅಷ್ಟು ಕೆಳಗೆ ಇಳಿದದ್ದು ಅದೇ ಮೊದಲು. 2018ರಲ್ಲಿ ಟೋನಿ ಮೌಬ್ರೆ ಕೈ ಹಿಡಿದು ಮೇಲೆ ತಂದರು. 2023ರ ಹೊತ್ತಿಗೆ ಇನ್ನೊಂದು ಗೋಳು. ಜಾರಿ ನಿರ್ದೇಶನಾಲಯದ ವಿಚಾರಣೆ ನಡೆದಿದ್ದರಿಂದ ಇಲ್ಲಿಂದ ಇಂಗ್ಲೆಂಡಿಗೆ ದುಡ್ಡು ಕಳಿಸಲಿಕ್ಕೆ ದೆಹಲಿ ಹೈಕೋರ್ಟಿನ ಅನುಮತಿ, ಬ್ಯಾಂಕ್ ಗ್ಯಾರಂಟಿ ಎಲ್ಲಾ ಬೇಕಾಯಿತು. ಲ್ಯಾಂಕಾಶೈರಿನ ಒಂದು ಊರಿನ ಜನ ದೆಹಲಿಯ ಕೋರ್ಟಿನ ತಾರೀಖು ನೋಡಿಕೊಂಡು ಕೂರಬೇಕಾದ ಪರಿಸ್ಥಿತಿ! 2024ರಲ್ಲಿ ಅದೇ ಊರಿನ ಹುಡುಗ, ಅಕಾಡೆಮಿಯಲ್ಲೇ ಬೆಳೆದ ಆಡಮ್ ವಾರ್ಟನ್‌ನನ್ನು ಕ್ರಿಸ್ಟಲ್ ಪ್ಯಾಲೇಸಿಗೆ ಮಾರಿದರು. 2025ರ ಫೆಬ್ರವರಿಯಲ್ಲಿ ತಂಡ ಪ್ಲೇಆಫ್ ಜಾಗದಲ್ಲಿದ್ದಾಗ ಮ್ಯಾನೇಜರ್ ಜಾನ್ ಯೂಸ್ಟಸ್ ಬಿಟ್ಟು ಹೋದರು. ಹೋಗಿದ್ದೆಲ್ಲಿಗೆ? ಅದೇ ಲೀಗಿನ ತಳದಲ್ಲಿ ಒದ್ದಾಡುತ್ತಿದ್ದ ಡರ್ಬಿಗೆ. ತುಂಬಿದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವನು ಅದನ್ನು ಬಿಟ್ಟು ಕೆಟ್ಟು ನಿಂತ ಬಸ್ಸಿಗೆ ಹೋಗಿ ಹತ್ತಿದರೆ, ಈ ಬಸ್ಸಿನಲ್ಲಿ ಏನೋ ಇದೆ ಅಂತ ತಾನೇ ಅರ್ಥ? ಆ ವರ್ಷ ನಮ್ಮ ತಂಡ 7ನೇ ಸ್ಥಾನಕ್ಕೆ ಬಂದು ಪ್ಲೇಆಫ್ ತಪ್ಪಿಸಿಕೊಂಡಿತು.

ಈಗ ನ್ಯಾಯವಾಗಿ ಇನ್ನೊಂದು ಕಡೆಯದ್ದೂ ಹೇಳಬೇಕು. ಈ ಮಾಲೀಕರು ದುಡ್ಡು ಹೊಡೆದುಕೊಂಡು ಹೋದವರಲ್ಲ. ವರ್ಷ ವರ್ಷವೂ ಕೋಟ್ಯಂತರ ಪೌಂಡು ನಷ್ಟವನ್ನು ತುಂಬಿಕೊಟ್ಟಿದ್ದಾರೆ. ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡ ಗ್ಲೇಜರ್ ಕುಟುಂಬದ ಕಥೆ ಬೇರೆ. ಅವರು 2005ರಲ್ಲಿ ಕೊಂಡಿದ್ದೇ ಸಾಲ ಮಾಡಿ, ಆ ಸಾಲವನ್ನು ಹೊರಿಸಿದ್ದು ಕ್ಲಬ್ಬಿನ ತಲೆಗೆ. ಆ ಲೆಕ್ಕದಲ್ಲಿ ನಮ್ಮ ಪುಣೆಯವರು ದೇವರಂಥವರು. "ಜೇಬಿನಿಂದ ಹಾಕಿದ ಮೇಲೆ ಅವರಿಷ್ಟ, ನಿಮ್ಮದೇನ್ರೀ ರಗಳೆ?" ಅಂತ ನನ್ನ ಗೆಳೆಯನೊಬ್ಬ ಕೇಳುತ್ತಾನೆ. ಸುಮಾರು ದಿನ ನನ್ನ ಹತ್ತಿರವೂ ಇದಕ್ಕೆ ಉತ್ತರ ಇರಲಿಲ್ಲ.

ಈಗ ಇದೆ. ನಮ್ಮ ಕಡೆ ಯಕ್ಷಗಾನದ ಡೇರೆ ಮೇಳಗಳಿದ್ದವಲ್ಲ, ಅದಕ್ಕೂ ಒಬ್ಬ ಯಜಮಾನ ಇರುತ್ತಿದ್ದರು. ದುಡ್ಡು ಅವರದ್ದೇ, ನಷ್ಟವೂ ಅವರದ್ದೇ. ಆದರೆ ಯಜಮಾನರು ಗೇಟಿನ ಹತ್ತಿರವೋ ಚೌಕಿಯಲ್ಲೋ ಸಿಗುತ್ತಿದ್ದರು. ಆಟ ಕಳಪೆಯಾದರೆ ಬೆಳಿಗ್ಗೆ ಎದ್ದು ಹೋಗುವಾಗ ಊರಿನವರು ಮುಖಕ್ಕೇ ಹೇಳುತ್ತಿದ್ದರು, "ಏನು ಯಜಮಾನ್ರೇ, ಭಾಗವತರನ್ನು ಯಾಕೆ ಬಿಟ್ಟಿರಿ?" ಅಂತ. ಯಜಮಾನರು ಹಲ್ಲು ಕಿರಿದೋ ಬೈದೋ ಏನೋ ಒಂದು ಉತ್ತರ ಕೊಡಲೇಬೇಕಿತ್ತು. ಈವುಡ್ ಪಾರ್ಕಿನಲ್ಲಿ ಇಲ್ಲದ್ದು ಅದು. ಇಲ್ಲಿ ಮಾಲೀಕರು ವರ್ಷಗಟ್ಟಲೆ ಮೈದಾನದ ಕಡೆ ತಲೆ ಹಾಕಿಲ್ಲ. ಜ್ಯಾಕ್ ವಾಕರ್ ಗೆದ್ದಿದ್ದು ಬರೀ ದುಡ್ಡಿನಿಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವರಿಗೆ ಸಿಕ್ಕಿದ ಪ್ರೀತಿ ಬರೀ ದುಡ್ಡಿಗೆ ಸಿಕ್ಕಿದ್ದಲ್ಲ, ಸೋತಾಗ ಅವರಿಗೂ ಅಲ್ಲಿನವರಷ್ಟೇ ನೋಯುತ್ತಿತ್ತು. ದುಡ್ಡು ಕಳಿಸುವುದು ಬೇರೆ, ನೋಯುವುದು ಬೇರೆ. ಹಳ್ಳಿಯಲ್ಲಿ ಬಿಟ್ಟ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸಿ ಫೋನು ಎತ್ತದ ಮಕ್ಕಳನ್ನು ನಾವು ಏನಂತೀವಿ?

ಅಭಿಮಾನಿಗಳ ಮಾತಿಗೆ ಬೆಲೆಯೇ ಇಲ್ಲ ಅಂತಲ್ಲ. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ 2020ರಲ್ಲಿ ಎಟಿಕೆ ಜೊತೆ ಸೇರಿ "ಎಟಿಕೆ ಮೋಹನ್ ಬಾಗಾನ್" ಆಯಿತು. ಅಲ್ಲಿನ ಅಭಿಮಾನಿಗಳು ಆ ಮೂರಕ್ಷರ ತೆಗೆಯಿರಿ ಅಂತ ಗಲಾಟೆ ಎಬ್ಬಿಸಿದರು, ಬಿಡಲೇ ಇಲ್ಲ. 2023ರ ಮಾರ್ಚಿನಲ್ಲಿ ಐಎಸ್‌ಎಲ್ ಫೈನಲ್ ಗೆದ್ದ ಮೇಲೆ ಮಾಲೀಕರೇ ಹೆಸರು ಬದಲಿಸುತ್ತೇವೆ ಅಂತ ಘೋಷಿಸಿದರು. (ಆ ಫೈನಲ್ಲಿನಲ್ಲಿ ಪೆನಾಲ್ಟಿಯಲ್ಲಿ ಸೋತದ್ದು ನಮ್ಮ ಬೆಂಗಳೂರು ಎಫ್‌ಸಿ. ನನ್ನ ಹಣೆಬರಹವೇ ಇಷ್ಟು.) ಜರ್ಮನಿಯಲ್ಲಂತೂ 1998ರಿಂದಲೇ ನಿಯಮ ಇದೆ. ಕೆಲವೇ ಕ್ಲಬ್ಬುಗಳನ್ನು ಬಿಟ್ಟರೆ ಅರ್ಧಕ್ಕಿಂತ ಒಂದು ಹೆಚ್ಚು ಓಟು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಇಂಗ್ಲೆಂಡಿನವರು 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಅಂತಲೇ ಕಾಯ್ದೆ ತಂದು ಸ್ವತಂತ್ರ ನಿಯಂತ್ರಕರನ್ನು ಕೂರಿಸಿದ್ದಾರೆ. ಮಾಲೀಕರ ಯೋಗ್ಯತೆ ಪರೀಕ್ಷೆ, ಅಭಿಮಾನಿಗಳ ಜೊತೆ ಸಮಾಲೋಚನೆ ಎಲ್ಲಾ ಅದರಲ್ಲಿದೆ. ಒಳ್ಳೆಯದೇ. ಆದರೆ ಯಜಮಾನರು ಬಂದು ಎದುರಿಗೆ ಕೂತು ಮಾತಾಡಬೇಕು ಅನ್ನುವ ಮನಸ್ಸನ್ನು ಯಾವ ಕಾಯ್ದೆ ತರುತ್ತದೋ ಗೊತ್ತಿಲ್ಲ.

ಕೊನೆಗೆ ಮತ್ತೆ ಮೊಟ್ಟೆಗೇ ಬರುತ್ತೇನೆ. ಬಿ.ವಿ. ರಾವ್ ಎನ್‌ಇಸಿಸಿ ಕಟ್ಟಿದ್ದು ಯಾಕೆ? ಮೊಟ್ಟೆಯ ಬೆಲೆಯನ್ನು ಎಲ್ಲೋ ಕೂತ ದಲ್ಲಾಳಿಗಳು ತೀರ್ಮಾನ ಮಾಡುತ್ತಿದ್ದರು, ಕೋಳಿ ಸಾಕಿದ ರೈತ ಸುಮ್ಮನೆ ತಲೆಯಾಡಿಸಬೇಕಿತ್ತು. ಅವರು ಊರೂರು ತಿರುಗಿದರು, ರೈತರ ಎದುರು ಕೂತು ಮಾತಾಡಿದರು, ನಿಮ್ಮ ಮೊಟ್ಟೆಯ ಬೆಲೆ ನೀವೇ ಹೇಳಿ ಅಂತ ಅವರನ್ನು ಒಗ್ಗೂಡಿಸಿದರು. ಬೆವರು ಸುರಿಸುವವನಿಗೆ ಒಂದು ಮಾತು ಇರಬೇಕು ಅನ್ನುವುದು ಅದರ ತಿರುಳು. ಅಷ್ಟು ದೊಡ್ಡ ಪಾಠ ಆ ಮನೆಯಲ್ಲೇ ಇದೆ! ಚಳಿಯಲ್ಲಿ ಫ್ಲಾಸ್ಕ್ ಹಿಡಿದು ಕೂತ ಅಜ್ಜ ಕೇಳಿದ್ದೂ ಅಷ್ಟನ್ನೇ.

2012ರಲ್ಲಿ ಹೊರಬಿದ್ದ ಮೇಲೆ ನಮ್ಮ ತಂಡ ಪ್ರೀಮಿಯರ್ ಲೀಗಿನ ಮುಖ ನೋಡಿಲ್ಲ. "ನಮ್ಮವರು" ಅಂತ ಮಾಲೀಕರ ಪರ ವಾದ ಮಾಡುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ನಮ್ಮವರು ಯಾರು ಅಂತ ಕೇಳಿದರೆ ಈಗ ನನಗೆ ನೆನಪಾಗುವುದು ಚಹಾ ಬಗ್ಗಿಸಿ ಕೊಟ್ಟ ಅಜ್ಜ. ಈಗಲೂ ಅಲ್ಲೇ ಕೂರುತ್ತಾರೋ, ಇದ್ದಾರೋ ಇಲ್ಲವೋ. ಇದ್ದರೆ ಅವರ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿರಲಿಕ್ಕಿಲ್ಲ.

ವೆಂಕೀಸ್ ಚಿಕನ್ ತಿನ್ನುವುದು ಬಿಟ್ಟಿದ್ದೀಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಇಲ್ಲ. ಅದು ಬೇರೆ, ಇದು ಬೇರೆ :)

ನಿಮಗೂ ಹೀಗೆ ಯಾವುದೋ ತಂಡ, ಯಾವುದೋ ಮೇಳ, ಯಾವುದೋ ಸಂಘ ಯಜಮಾನರ ಕೈಗೆ ಸಿಕ್ಕಿ ಹೊಟ್ಟೆ ಉರಿದದ್ದಿದೆಯಾ? ಹೇಳಿ, ಒಟ್ಟಿಗೆ ಉರಿದುಕೊಳ್ಳೋಣ.