ಮಲಬದ್ಧತೆಗೆ ಚೀನೀ ಮದ್ದು: ಯಾವುದನ್ನು ನಂಬಬೇಕು?

ಚೀನಾದ ಸಾಂಪ್ರದಾಯಿಕ ವೈದ್ಯದಿಂದ ಮಲಬದ್ಧತೆ ವಾಸಿಯಾಗುತ್ತದೆಯೇ? ಇಡೀ ಪದ್ಧತಿಗೆ ಸಾರಾಸಗಟಾಗಿ ಹೌದು, ಇಲ್ಲ ಎಂದು ತೀರ್ಪು ಕೊಡಲು ಬರುವುದಿಲ್ಲ. ಒಂದೊಂದು ಮದ್ದನ್ನೂ ಬಿಡಿಯಾಗಿ ಪರೀಕ್ಷೆಗೆ ಒಡ್ಡಬೇಕು. ಹಾಗೆ ಒಡ್ಡಿಕೊಂಡು ನಿಂತ ಗುಳಿಗೆ ಮಾ ಜಿ ರೆನ್ ವಾನ್. ಹೆಂಪ್ ಬೀಜ, ರೇವಲಚಿನ್ನಿ ಬೇರು, ಏಪ್ರಿಕಾಟ್ ಬೀಜದ ತಿರುಳು ಮುಂತಾದ ಆರು ವಸ್ತುಗಳನ್ನು ಜೇನಿನಲ್ಲಿ ಕಟ್ಟುವ ಈ ಯೋಗವನ್ನು ವೈದ್ಯ ಝಾಂಗ್ ಝೋಂಗ್‌ಜಿಂಗ್ ಸುಮಾರು 1,800 ವರ್ಷಗಳ ಹಿಂದೆ ಬರೆದಿಟ್ಟ. 2011ರಲ್ಲಿ ಪ್ರಕಟವಾದ ಹಾಂಕಾಂಗ್‌ನ ಪರೀಕ್ಷೆಯೊಂದರಲ್ಲಿ 120 ರೋಗಿಗಳಿದ್ದರು. ಮದ್ದು ಪಡೆದವರಲ್ಲಿ ಶೇ. 43.3ರಷ್ಟು ಮಂದಿಗೆ ಗುಣ ಕಂಡರೆ, ಅದರಂತೆಯೇ ತೋರುವ ಹುಸಿಮದ್ದು ಪಡೆದವರಲ್ಲಿ ಶೇ. 8.3ರಷ್ಟು ಮಂದಿಗೆ ಮಾತ್ರ.

ರೇವಲಚಿನ್ನಿಯಲ್ಲಿರುವುದು ನಮ್ಮ ಸೋನಾಮುಖಿಯಲ್ಲಿರುವಂಥದೇ ಭೇದಿಕಾರಕ ಅಂಶ, ಇದರಲ್ಲೇನು ವಿಶೇಷ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ 2019ರಲ್ಲಿ ಪ್ರಕಟವಾದ, 291 ರೋಗಿಗಳ ಪರೀಕ್ಷೆಯಲ್ಲಿದೆ. ಅಲ್ಲಿ ಗುಳಿಗೆಯನ್ನು ಹುಸಿಮದ್ದಿನ ಜೊತೆಗೆ ಸೋನಾಮುಖಿಗೂ ಹೋಲಿಸಿದರು. ಮದ್ದು ನಡೆಯುತ್ತಿದ್ದಾಗ ಗುಣ ಕಂಡವರು ಗುಳಿಗೆಯಲ್ಲಿ ಶೇ. 68, ಸೋನಾಮುಖಿಯಲ್ಲಿ ಶೇ. 57.7, ದೊಡ್ಡ ಅಂತರವೇನಲ್ಲ. ಮದ್ದು ನಿಲ್ಲಿಸಿದ ಮೇಲೆ ಮಾತ್ರ ಸೋನಾಮುಖಿಯ ಗುಣ ಶೇ. 20.6ಕ್ಕೆ ಕುಸಿಯಿತು, ಗುಳಿಗೆಯದು ಶೇ. 47.4ರಲ್ಲಿ ನಿಂತಿತು. ಮಲಬದ್ಧತೆಯಿಂದ ವರ್ಷಗಟ್ಟಲೆ ನರಳುವವರಿಗೆ ಬೇಕಾದದ್ದು ಇದೇ ಅಲ್ಲವೇ? ಹಾಗೆಂದು ಈ ಎರಡು ಪರೀಕ್ಷೆಗಳ ಬಲದ ಮೇಲೆ ಬೇರೆ ಚೀನೀ ಕಷಾಯಗಳನ್ನೆಲ್ಲ ನಂಬುವಂತಿಲ್ಲ.

ಚೀನೀ ವೈದ್ಯದಲ್ಲಿ ಒಬ್ಬೊಬ್ಬ ರೋಗಿಗೂ ಬೇರೆ ಮದ್ದು, ಆದ್ದರಿಂದ ಇಂಥ ಪರೀಕ್ಷೆ ಅದಕ್ಕೆ ಒಗ್ಗದು ಎನ್ನುವವರಿದ್ದಾರೆ. ಆದರೆ 2011ರ ಪರೀಕ್ಷೆಗೆ ರೋಗಿಗಳನ್ನು ಆರಿಸಿದ್ದೇ ಆ ವೈದ್ಯದ ರೋಗಲಕ್ಷಣ ವಿಂಗಡಣೆಯ ಪ್ರಕಾರ. ಸೂಜಿ ಚಿಕಿತ್ಸೆಯೂ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ: ಚೀನಾದ 15 ಆಸ್ಪತ್ರೆಗಳಲ್ಲಿ 1,075 ರೋಗಿಗಳ ಮೇಲೆ ವಿದ್ಯುತ್ ಸೂಜಿ ಚಿಕಿತ್ಸೆಯನ್ನು ಪರೀಕ್ಷಿಸಿ, ಹುಸಿ ಚಿಕಿತ್ಸೆಗಿಂತ ಅದು ಮೇಲೆಂದು 2016ರಲ್ಲಿ ವರದಿ ಮಾಡಿದರು. ಇನ್ನು, ಸಾವಿರಾರು ವರ್ಷದ ಬಳಕೆಯೇ ಸಾಕ್ಷಿ ಎಂಬ ವಾದ. ತಕ್ಷಣದ ಪರಿಣಾಮಕ್ಕೆ ಬಳಕೆ ಸಾಕ್ಷಿ ಹೇಳೀತು. ನಿಧಾನವಾಗಿ ಒಳಗೊಳಗೇ ಆಗುವ ಹಾನಿ ಅದರ ಕಣ್ಣಿಗೆ ಬೀಳುವುದಿಲ್ಲ. ಚೀನೀ ಮೂಲಿಕೆಗಳಿದ್ದ ತೂಕ ಇಳಿಸುವ ಮದ್ದಿನಿಂದ ಬೆಲ್ಜಿಯಂನ ಮಹಿಳೆಯರ ಮೂತ್ರಪಿಂಡಗಳು ಕೆಟ್ಟದ್ದು 1993ರಲ್ಲಿ ವರದಿಯಾಯಿತು. ಕಾರಣ ಅರಿಸ್ಟೊಲೊಕಿಯಾ ಮೂಲಿಕೆಯ ವಿಷ. ಆ ಕುಲದ ಗಿಡಗಳು ಚೀನೀ ವೈದ್ಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದವು.

ಹಾಗಾಗಿ ಒಳಗೇನಿದೆ, ಎಷ್ಟಿದೆ ಎಂದು ಬರೆಯದ ಯಾವ ಪೊಟ್ಟಣವನ್ನೂ, ಅದು ಚೀನಾದ್ದಿರಲಿ ನಮ್ಮೂರಿನದಿರಲಿ, ಕೊಳ್ಳಬೇಡಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮೊದಲು ವೈದ್ಯರ ಬಳಿ ಹೋಗಿ.