ಮಳೆ ಕೈಕೊಟ್ಟ ತಿಂಗಳ ಕಾಯಿಲೆ

ಆಂಧ್ರದ ಹಿಂದೂಪುರದಲ್ಲಿ ಮೆಡಿಕಲ್ ಅಂಗಡಿ ಇಟ್ಟವನಿಗೆ ಮಳೆಯ ಸುದ್ದಿ ತಿಳಿಯಲು ಆಕಾಶ ನೋಡಬೇಕಿಲ್ಲ. ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಹೂಬಿಟ್ಟಿದೆ, ಮೋಡ ಬರೀ ಸುಳಿದಾಡಿ ಹೋಗುತ್ತಿದೆ ಅಂದರೆ ಕೌಂಟರಿಗೆ ಬರುವವರ ಮಾತೇ ಬದಲಾಗುತ್ತದೆ. ‘ಅಣ್ಣಾ, ಎದೆ ಡವಡವ ಅಂತದೆ, ಗ್ಯಾಸ್ ಇರ್ಬೇಕು, ಒಂದು ಮಾತ್ರೆ ಕೊಡು.’ ‘ರಾತ್ರಿಯೆಲ್ಲ ನಿದ್ದೆ ಹತ್ತಲ್ಲ.’ ಹೊಟ್ಟೆ, ಎದೆ, ತಲೆಭಾರ, ಕೈಕಾಲು ಜೋಮು ಎಲ್ಲ ಹೇಳುತ್ತಾರೆ. ಮನಸ್ಸಿನ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಋತು ಬದಲಾದಾಗ ಕವಿಯುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದರು. ಚಳಿಗಾಲದಲ್ಲಿ ಸೂರ್ಯ ಕಾಣದ ನಾಡುಗಳ ಕಾಯಿಲೆ ಅದು. ಅಲ್ಲಿ ಮುಂಜಾನೆ ಅರ್ಧ ಗಂಟೆ 10,000 ಲಕ್ಸ್ ದೀಪದೆದುರು ಕೂತರೆ ಹಲವರಿಗೆ ಗುಣವಾಗುತ್ತದೆ. ನಮ್ಮಲ್ಲಿ ಬೆಳಕಿಗೇನು ಬರವೇ? ವರ್ಷದ ದೊಡ್ಡ ಹಗಲಿಗೂ ಗಿಡ್ಡ ಹಗಲಿಗೂ ಇಲ್ಲಿ ಒಂದೂವರೆ ಗಂಟೆಯ ಆಚೀಚೆ ವ್ಯತ್ಯಾಸ, ಅಷ್ಟೇ. ಬರ ನೀರಿಗೆ. ಮುಂಗಾರನ್ನು ಪಶ್ಚಿಮ ಘಟ್ಟ ತಡೆಯುತ್ತದೆ, ಹಿಂಗಾರು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಹಿಂದೂಪುರವೂ ಸೇರಿದ್ದ ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಕಲ್ಯಾಣದುರ್ಗದ ಕಡಲೆಕಾಯಿ ರೈತನಾಗಲಿ, ಇಲ್ಲಿ ರೇಷ್ಮೆಗೂಡು ಮಾರಲು ಬಂದವನಾಗಲಿ, ಕಾಯಿಲೆ ಶುರುವಾಗುವುದು ಈ ನೀರಿನ ಬರದಿಂದಲೇ.

‘ಇಂಗ್ಲಿಷ್ ಮಾತ್ರೆ ಬೇಡ, ನ್ಯಾಚುರಲ್ ಏನಾದ್ರೂ ಕೊಡಣ್ಣ’ ಅನ್ನುವವರು ಈಗ ಜಾಸ್ತಿ. ಅಶ್ವಗಂಧದ ಪುಡಿ ಚೆನ್ನಾಗಿ ಓಡುತ್ತದೆ. ತೆಲುಗಿನವರು ಪೆನ್ನೇರುಗಡ್ಡ ಅನ್ನುವ ಈ ಬೇರನ್ನು ಅನಂತಪುರದ ಕಡೆ ಬೆಳೆಯುತ್ತಾರೆ, ಹಾಗಾಗಿ ನಂಬಿಕೆಯೂ ಹೆಚ್ಚು. ಆತಂಕ, ನಿದ್ದೆಗೇಡಿಗೆ ಅದರಿಂದ ಒಂದಿಷ್ಟು ಉಪಯೋಗವಿದೆಯೆಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಬಸುರಿಯರು, ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ತಿನ್ನುವಂಥದ್ದಲ್ಲ. ಅಪರೂಪಕ್ಕೆ ಲಿವರ್ ಕೆಟ್ಟದ್ದೂ ದಾಖಲಾಗಿದೆ. ಇನ್ನು ಆತಂಕದ ಮಾತ್ರೆ ಆಲ್ಪ್ರಜೋಲಮ್ ಕೇಳುವವರು. ಅದು ಎಚ್1 ಪಟ್ಟಿಯದು, ಚೀಟಿ ಬೇಕು; ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟಿದ್ದೆಷ್ಟು, ಎಲ್ಲ ರಿಜಿಸ್ಟರಿಗೆ ಬರೆದು ಮೂರು ವರ್ಷ ಇಟ್ಟಿರಬೇಕು. ‘ನಮ್ಮೋನೇ ಆಗಿ ಹಿಂಗಂತೀಯಲ್ಲ’ ಎಂದು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಸಂಜೆಯ ಕಾಫಿ ಬಿಡುವುದು, ಭಜನೆಗೆ ಹೋಗಿ ಕೂರುವುದು, ಇವೆಲ್ಲ ಸಣ್ಣ ಮಟ್ಟದ ಬೇಸರಕ್ಕೆ ನಿಜವಾಗಿಯೂ ಆಗಿಬರುತ್ತವೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಊರ ಅಜ್ಜಿಯರಿಗೇ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಬೆಂಚು ಹಾಕಿ, ಜನರ ಕಷ್ಟ ಕೇಳಲು ಕೂರಿಸಿದರು. ಅದರಿಂದ ಖಿನ್ನತೆ ಇಳಿದದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿತು. ನಮಗೆ ಅರಳಿಕಟ್ಟೆ ಇದೆಯಲ್ಲ ಅನ್ನಬಹುದು. ಆದರೆ ಸಾಲದಲ್ಲಿ ಮುಳುಗಿದವನು ಮೊದಲು ಬಿಡುವುದೇ ಆ ಕಟ್ಟೆಯನ್ನು. ಸಾಲ ಕೊಟ್ಟವನೂ ಅಲ್ಲೇ ಕೂತಿರುತ್ತಾನೆ!

ಅದಕ್ಕೇ ನಾನು ಕೇಳುವುದು ಇಷ್ಟು. ಸೊಳ್ಳೆ ಕಾಲದಲ್ಲಿ ಡೆಂಗಿ ಸರ್ವೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುವ ಹಾಗೆ, ಮಳೆ ಕೈಕೊಟ್ಟ ಆಗಸ್ಟ್, ಸೆಪ್ಟೆಂಬರಿನಲ್ಲಿ ‘ಊಟ ಸೇರ್ತದಾ, ನಿದ್ದೆ ಬರ್ತದಾ’ ಎಂದು ಕೇಳಲು ಒಂದು ಸುತ್ತು ಬರಲಿ. ಮಡಕಶಿರಾ, ರೊಳ್ಳ, ಅಗಳಿ ಕಡೆ ಕನ್ನಡ ಬಲ್ಲವರೇ ಬರಲಿ. ಅಲ್ಲಿಯ ಮುದುಕರು ವ್ಯಾಪಾರ ತೆಲುಗಿನಲ್ಲಿ ಮಾಡಿಯಾರು, ದುಃಖ ಹೇಳಿಕೊಳ್ಳಲಾರರು. ಆಗದ ಕೆಲಸವೇನಲ್ಲ. 1980ರ ದಶಕದಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ಮನಸ್ಸಿನ ಕಾಯಿಲೆ ನೋಡಲು ತಯಾರು ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮವರು ಮಾತ್ರ ಇವತ್ತಿಗೂ ದಿನದ ಕೂಲಿ ಬಿಟ್ಟು, ರೈಲು ಹತ್ತಿ, ಗೌರಿಬಿದನೂರು, ಯಲಹಂಕ ದಾಟಿ ಬೆಂಗಳೂರಿಗೆ ಹೋಗುತ್ತಾರೆ.

ಅಲ್ಲಿಯವರೆಗೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಹಗಲೂ ರಾತ್ರಿಯೂ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ‘ಬದುಕು ಸಾಕಾಯ್ತು’ ಅಂದವರನ್ನು ಒಬ್ಬರೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಲದ ಔಷಧಿ ಮನೆಯಲ್ಲಿದ್ದರೆ ಬೀಗ ಹಾಕಿ, ಕೀಲಿ ಬೇರೆಯವರ ಕೈಯಲ್ಲಿ ಇರಲಿ.