ಸೇವಂತಿಗೆ ಹೋದ ಪಾತಿ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯ ಮುಂದೆ ದಿನವಿಡೀ ಬಿಸಿಲು ಬೀಳುವ ಪಾತಿಯೊಂದಿದೆ. ಮನೆಯಾಕೆ ಪೂಜೆಯ ಸೇವಂತಿಗೆಯನ್ನು ಅಲ್ಲಿಂದಲೇ ಬಿಡಿಸುತ್ತಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ಒಂದು ಗಿಡ ಜೋಲುಮೋರೆ ಹಾಕಿತು. ನೀರು ಸಾಲದೆಂದು ಆಕೆ ಇನ್ನೆರಡು ಚೆಂಬು ಹೆಚ್ಚಾಗಿಯೇ ಎರೆದರು. ಉಪಚಾರವೇ ಅಪಚಾರವಾಯಿತು, ಸಾಲಿಗೆ ಸಾಲೇ ಬಾಡಿಹೋಯಿತು.

“ಸಿಮೆಂಟು ಹಾಕಿಸಿಬಿಡೋಣಮ್ಮ, ಕಾರಿಗೆ ಜಾಗವಾಗುತ್ತೆ” ಎಂದ ಮಗ. ಆಕೆ ಮಾತಾಡಲಿಲ್ಲ. ಮರುದಿನ ಪೂಜೆಗೆ ಹೂವನ್ನು ಕೊಂಡು ತಂದರು.

ಸತ್ತ ಗಿಡವನ್ನು ಕಿತ್ತು ನೋಡಿದವರು ಯಜಮಾನರು. ಬುಡದಲ್ಲಿ ಹತ್ತಿಯಂಥ ಬಿಳಿಯ ಬೂಷ್ಟು. ಅದರ ನಡುವೆ ಸಾಸಿವೆಯಂಥ ಕಂದು ಕಾಳುಗಳು. ಸ್ಕ್ಲೆರೋಷಿಯಂ ರಾಲ್ಫ್ಸಿಯೈ ಎಂಬ ಶಿಲೀಂಧ್ರದ ಗುರುತಿದು. ನೆಲಗಡಲೆ ಬೆಳೆಯುವ ರೈತನಿಗೆ ಹಳೆಯ ವೈರಿ. ಐನೂರಕ್ಕೂ ಮಿಕ್ಕಿದ ಬಗೆಯ ಸಸ್ಯಗಳನ್ನು ಇದು ಹಿಡಿಯಬಲ್ಲುದು. ಆ ಕಾಳುಗಳಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.

ರೋಗದ ಗಿಡಗಳನ್ನು ಬುಡದ ಮಣ್ಣಿನೊಡನೆ ಎತ್ತಿ ಚೀಲಕ್ಕೆ ತುಂಬಿದರು. ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಏಪ್ರಿಲ್‌ನಲ್ಲಿ ಪಾತಿಗೆ ನೀರುಣಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸುವುದೆಂದಾಯಿತು. ಮಗ ಕರಿಯ ಹಾಳೆ ತಂದ. “ಬಿಸಿಲು ಹೀರುವುದು ಕಪ್ಪೇ ತಾನೆ?” ಹೀರುವುದೇನೋ ನಿಜ, ಆದರೆ ಆ ಕಾವು ಹಾಳೆಯಲ್ಲಿಯೇ ಉಳಿದು ಮಣ್ಣಿಗೆ ಇಳಿಯುವುದು ಕಡಮೆ. ಪಾರದರ್ಶಕ ಹಾಳೆ ಬಿಸಿಲನ್ನು ಒಳಕ್ಕೆ ಬಿಟ್ಟು ಕಾವನ್ನು ಹಿಡಿದಿಡುತ್ತದೆ. ಇಸ್ರೇಲಿನ ವಿಜ್ಞಾನಿಗಳು 1976ರಲ್ಲಿ ಪ್ರಕಟಿಸಿದ ಉಪಾಯವಿದು. ಹಾಳೆ ಬದಲಾಯಿತು, ಅಂಚುಗಳನ್ನು ಮಣ್ಣಿನಲ್ಲಿ ಹೂತು ಆರು ವಾರ ಬಿಟ್ಟರು.

ಆದರೂ ಆಳದಲ್ಲಿ ಕೆಲವು ಕಾಳುಗಳು ಬದುಕಿರಬಹುದು. ಈ ಬೂಷ್ಟಿಗೆ ಎಳೆಯ, ಮೆತ್ತನೆಯ ಕಾಂಡವೆಂದರೆ ಹಬ್ಬ. ಬಲಿತ ಕಟ್ಟಿಗೆ ಅಷ್ಟು ಸುಲಭದ ತುತ್ತಲ್ಲ. ಆದುದರಿಂದ ಸೇವಂತಿಗೆಯ ಆಸೆ ಬಿಟ್ಟು ಪೊದೆಗಿಡಗಳನ್ನು ಆರಿಸಿದರು: ನಂದಿಬಟ್ಟಲು, ದಾಸವಾಳ, ಕೇಪಳ. ಕಣಗಿಲೆಗೂ ಬಿಸಿಲೆಂದರೆ ಪ್ರಾಣ; ಆದರೆ ಅದರ ಸರ್ವಾಂಗವೂ ವಿಷ, ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು. ಅದು ಬೇಡವಾಯಿತು. ಜೂನ್‌ನಲ್ಲಿ ಕಟ್ಟಿಗೆ ಬಲಿತ ಸಸಿಗಳನ್ನೇ ತಂದು, ಗಾಳಿಯಾಡುವಂತೆ ನಾಲ್ಕಡಿ ಅಂತರ ಕೊಟ್ಟು ನೆಟ್ಟರು. ಕಾಂಡ ಹೂಳದಂತೆ, ತರಗೆಲೆ ಬುಡಕ್ಕೆ ತಾಗದಂತೆ ನೋಡಿಕೊಂಡರು. ನೀರೆಲ್ಲ ಬುಡದಿಂದ ಗೇಣು ದೂರಕ್ಕೆ.

ದಸರೆಯ ವೇಳೆಗೆ ಒಂದು ಕೇಪಳ ಮಾತ್ರ ಒಣಗಿತ್ತು. ನಂದಿಬಟ್ಟಲು ಐದು ಹೂ ಬಿಟ್ಟಿತು. ಅಂದು ಹೂಬುಟ್ಟಿ ಹಿಡಿದು ಹೊರಬಂದ ಅತ್ತೆಗೆ ದಾರಿ ಬಿಡುತ್ತ ಸೊಸೆ ಬೀದಿಯತ್ತ ನೋಡಿದಳು. ಕಾರು ಹೊಂಗೆಯ ಮರದಡಿ, ಹಕ್ಕಿಗಳ ಹಿಕ್ಕೆ ಹೊತ್ತು ನಿಂತಿತ್ತು.